ಬೋನಿಗಿಂತ ಮೊದಲು ಕೊಟ್ಟಿಗೆಗೆ ಬಾಗಿಲು ಬೇಕು

2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಬಳಿ ಚಿರತೆಯೊಂದು ಕಾಣಿಸಿಕೊಂಡಾಗ ಸುತ್ತಲಿನ 22 ಶಾಲೆಗಳಿಗೆ ರಜೆ ಕೊಡಬೇಕಾಯಿತು. ಸಕ್ರೆಬೈಲು ಬಿಡಾರದಿಂದ ಆನೆಗಳು ಬಂದವು, ಬೋನುಗಳು ಬಂದವು, ಅರಿವಳಿಕೆ ಬಂದೂಕು ಹಿಡಿದವರು ಬಂದರು. ವಾರಗಟ್ಟಲೆ ಹುಡುಕಿದರೂ ಚಿರತೆ ಸಿಗಲಿಲ್ಲ. 2024ರ ಡಿಸೆಂಬರ್ 31ರಂದು ಮೈಸೂರಿನ ಇನ್ಫೊಸಿಸ್ ಆವರಣದ ಕ್ಯಾಮೆರಾದಲ್ಲಿ ಚಿರತೆ ಕಂಡಾಗಲೂ ಹೀಗೇ ಆಯಿತು. ನೌಕರರಿಗೆ ಮನೆಯಿಂದಲೇ ಕೆಲಸ ಮಾಡಿ ಎಂದು ಹೇಳಿ ದಿನಗಟ್ಟಲೆ ಶೋಧ ನಡೆಸಿದರು. ಕೊನೆಗೆ ಬರಿಗೈಲಿ ನಿಲ್ಲಿಸಿದರು. ಇವೆರಡೂ ಪೇಟೆಯ ಪ್ರಕರಣಗಳಾದ್ದರಿಂದ ದೊಡ್ಡ ಸುದ್ದಿಯಾದವು. ತುಮಕೂರು, ಮಂಡ್ಯ, ಹಾಸನ, ಬೆಂಗಳೂರು ದಕ್ಷಿಣ (ಹಿಂದಿನ ರಾಮನಗರ), ಮೈಸೂರು ಜಿಲ್ಲೆಗಳ ಹಳ್ಳಿಗಳಲ್ಲಿ ಇದರದೇ ಸಣ್ಣ ರೂಪ ಆಗಾಗ ನಡೆಯುತ್ತಲೇ ಇರುತ್ತದೆ. ಯಾರದೋ ತೋಟದ ಮನೆಯ ಕ್ಯಾಮೆರಾದಲ್ಲಿ ಚಿರತೆ ನಡೆದುಹೋದದ್ದು ದಾಖಲಾಗುತ್ತದೆ, ಬೆಳಗಾಗುವಷ್ಟರಲ್ಲಿ ಆ ವಿಡಿಯೊ ಊರಿನ ವಾಟ್ಸ್ಆ್ಯಪ್ ಗುಂಪುಗಳನ್ನೆಲ್ಲ ಸುತ್ತಿ ಬಂದಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಅರಣ್ಯ ಇಲಾಖೆಯ ಕಚೇರಿ ಮುಂದೆ ಜನ ಸೇರಿರುತ್ತಾರೆ. ಬೇಡಿಕೆ ಒಂದೇ: ಬೋನು ಇಡಿ. ಅದೇ ಊರಿನಲ್ಲಿ ಎಷ್ಟು ಕೊಟ್ಟಿಗೆಗಳಿಗೆ ಗಟ್ಟಿ ಬಾಗಿಲಿದೆ, ಎಷ್ಟು ಹಿತ್ತಲುಗಳಲ್ಲಿ ದೀಪವಿದೆ, ಎಷ್ಟು ಬಾವಿಗಳಿಗೆ ಕಟ್ಟೆಯಿದೆ ಎಂದು ಆ ದಿನ ಯಾರೂ ಕೇಳುವುದಿಲ್ಲ. ಜನರ ಜೀವ, ಜಾನುವಾರು, ಕಾಡುಪ್ರಾಣಿ ಮೂರನ್ನೂ ಉಳಿಸುವುದು ಈ ಪ್ರಶ್ನೆಗಳೇ. ಹಳ್ಳಿಮನೆಯ ರಿಪೇರಿಯನ್ನು ಮನೆಯವರ ಖಾಸಗಿ ಖರ್ಚೆಂದು ಬಿಟ್ಟುಬಿಡದೆ, ಸಾರ್ವಜನಿಕ ಸುರಕ್ಷತೆಯ ಕೆಲಸವೆಂದು ಸರ್ಕಾರ ಮತ್ತು ಪಂಚಾಯಿತಿಗಳು ಕೈಗೆತ್ತಿಕೊಳ್ಳಬೇಕು.

ಚಿರತೆ ಕಂಡಿತು ಎಂದರೆ ಚಿರತೆ ಹೊಸದಾಗಿ ಬಂತು ಎಂದು ಅರ್ಥವಲ್ಲ. 2022ರ ರಾಷ್ಟ್ರೀಯ ಅಂದಾಜಿನಂತೆ ದೇಶದಲ್ಲಿ 13,874 ಚಿರತೆಗಳಿವೆ. ಮಧ್ಯಪ್ರದೇಶ, ಮಹಾರಾಷ್ಟ್ರಗಳ ನಂತರ ಮೂರನೆಯ ಸ್ಥಾನದಲ್ಲಿರುವ ಕರ್ನಾಟಕದಲ್ಲಿ 1,879 ಇವೆ. 2018ರಲ್ಲಿ ನಮ್ಮ ರಾಜ್ಯದ ಅಂದಾಜು 1,783 ಇತ್ತು. ಈ ಲೆಕ್ಕ ಮುಖ್ಯವಾಗಿ ಕಾಡುಗಳಲ್ಲಿ ಕ್ಯಾಮೆರಾ ಇಟ್ಟು ಮಾಡಿದ್ದು. ಬಯಲುಸೀಮೆಯ ಬಂಡೆಗುಡ್ಡ, ಕುರುಚಲು ಕಾಡು, ಕಬ್ಬಿನ ಗದ್ದೆ, ಕಾಫಿ ತೋಟಗಳಲ್ಲಿ ಬದುಕಿರುವ ಚಿರತೆಗಳು ಇದರಲ್ಲಿ ಪೂರ್ತಿಯಾಗಿ ಸೇರಿಲ್ಲ. ಮಹಾರಾಷ್ಟ್ರದ ಆಗಿನ ಅಹಮದ್‌ನಗರ ಜಿಲ್ಲೆಯ ಅಕೋಲೆ ಕಣಿವೆಯಲ್ಲಿ ಕಾಡೆಂಬುದೇ ಇಲ್ಲ. ಇರುವುದು ಕಬ್ಬು, ಜೋಳ, ಹಳ್ಳಿಗಳು, ಚದರ ಕಿಲೊಮೀಟರಿಗೆ 300ಕ್ಕೂ ಹೆಚ್ಚು ಜನ. ಅಂಥ ಕಡೆ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಕ್ಯಾಮೆರಾ ಇಟ್ಟು ನೋಡಿದಾಗ 100 ಚದರ ಕಿಲೊಮೀಟರಿಗೆ ಹೆಚ್ಚುಕಡಿಮೆ 5 ದೊಡ್ಡ ಚಿರತೆಗಳಿರುವುದು ಗೊತ್ತಾಯಿತು. ಜೊತೆಗೆ ಕತ್ತೆಕಿರುಬಗಳೂ ಇದ್ದವು. ಇಷ್ಟಿದ್ದೂ ಮನುಷ್ಯರ ಮೇಲೆ ದಾಳಿ ನಡೆದದ್ದು ತೀರಾ ವಿರಳ. 2013ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿದ್ದು ಸ್ಪಷ್ಟ: ಹಗಲು ಪೈರಿನ ನಡುವೆ ಮಲಗಿ, ಊರು ನಿದ್ದೆಹೋದ ಮೇಲೆ ಎದ್ದು ಓಡಾಡುವ ಈ ಪ್ರಾಣಿ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ನಮ್ಮ ನಡುವೆಯೇ ಬದುಕಬಲ್ಲದು. ನಮ್ಮಲ್ಲೂ ಮನೆಮನೆಗೆ ಸಿಸಿಟಿವಿ, ಕೈಕೈಗೆ ಮೊಬೈಲ್ ಬಂದ ಮೇಲೆ ಕಾಣುವುದು ಹೆಚ್ಚಿದೆ. ಕಂಡ ಸಂಖ್ಯೆಯನ್ನು ಅಪಾಯದ ಅಳತೆ ಎಂದು ತಿಳಿದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೇವೆ. ಅಪಾಯವನ್ನು ಅಳೆಯಬೇಕಾದರೆ ರಾತ್ರಿ ಮನೆಯ ಸುತ್ತ ಅದಕ್ಕೆ ಏನು ಸಿಗುತ್ತಿದೆ ಎಂದು ನೋಡಬೇಕು.

ಅದೇ ಅಕೋಲೆಯಲ್ಲಿ ಚಿರತೆಯ ಹಿಕ್ಕೆ ಪರೀಕ್ಷಿಸಿ ಅದು ಏನು ತಿನ್ನುತ್ತದೆಂದು ಲೆಕ್ಕ ಹಾಕಿದ್ದಾರೆ. ಅದರ ಆಹಾರದ ತೂಕದಲ್ಲಿ ಶೇ 87ರಷ್ಟು ಸಾಕುಪ್ರಾಣಿಗಳದ್ದೇ. ನಾಯಿಯ ಪಾಲು ಶೇ 39, ಬೆಕ್ಕಿನ ಪಾಲು ಶೇ 12, ಆಡಿನ ಪಾಲು ಶೇ 11. ಈ ಕೊನೆಯ ಅಂಕಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಆ ಪ್ರದೇಶದಲ್ಲಿ ಆಡುಗಳ ಸಂಖ್ಯೆ ನಾಯಿಗಳ ಏಳು ಪಟ್ಟು. ಆಡು ಓಡಿ ತಪ್ಪಿಸಿಕೊಳ್ಳುವ ಪ್ರಾಣಿಯಲ್ಲ, ತಿರುಗಿಬೀಳುವ ಪ್ರಾಣಿಯೂ ಅಲ್ಲ. ಹಾಗಿದ್ದರೂ ಚಿರತೆಗೆ ಆಡಿಗಿಂತ ಮೂರೂವರೆ ಪಟ್ಟು ನಾಯಿಯೇ ಸಿಕ್ಕಿದೆ. ಇದಕ್ಕೆ ಕಾರಣ ಸರಳ. ಆಡಿಗೆ ಬೆಲೆ ಇದೆ. ಹಗಲು ಕಾಯುವವರಿರುತ್ತಾರೆ, ರಾತ್ರಿ ಒಳಗೆ ಕೂಡಿ ಬಾಗಿಲು ಹಾಕುತ್ತಾರೆ. ಬೀದಿನಾಯಿಗೆ ಕಾಯುವವರೂ ಇಲ್ಲ, ಬಾಗಿಲೂ ಇಲ್ಲ. ಚಿರತೆಯ ಊಟ ಯಾವುದಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಅದರ ಹಸಿವೂ ಅಲ್ಲ, ರುಚಿಯೂ ಅಲ್ಲ. ರಾತ್ರಿ ಮುಚ್ಚಿದ ಒಂದು ಬಾಗಿಲು. ಚಿರತೆಯನ್ನು ಹಿಡಿಯದೆ, ಕೊಲ್ಲದೆ, ಓಡಿಸದೆ ಆಡುಗಳನ್ನು ಉಳಿಸಿಕೊಂಡ ರೈತರ ಯಶಸ್ಸು ಇದು. ಆದರೆ ಬಾಗಿಲು ಹಾಕಿದ್ದರಿಂದ ಉಳಿದ ಆಡಿನ ಬಗ್ಗೆ ಸುದ್ದಿ ಬರುವುದಿಲ್ಲ. ಬಾಗಿಲಿಲ್ಲದೆ ಸತ್ತ ಆಡಿನ ಫೋಟೊ ಮಾತ್ರ ಬರುತ್ತದೆ.

ನಮ್ಮ ಬಯಲುಸೀಮೆಯ ಹಳೆಯ ಮನೆಗಳಲ್ಲಿ ದನಗಳಿಗೂ ಜನರಿಗೂ ಒಂದೇ ಸೂರು, ಒಂದೇ ತಲೆಬಾಗಿಲು. ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಮೊದಲು ಸಿಗುತ್ತಿದ್ದುದೇ ದನ ಕಟ್ಟುವ ಜಾಗ. ಅದನ್ನು ದಾಟಿ ಪಡಸಾಲೆ. ರಾತ್ರಿ ಅಗುಳಿ ಹಾಕಿದರೆ ಎತ್ತು, ಹಸು, ಕರು, ಮೇಕೆ ಎಲ್ಲವೂ ಒಳಗೇ. ಅದರಲ್ಲಿ ಗಾಳಿ ಬೆಳಕಿನ ತೊಂದರೆ ಇತ್ತು, ನೊಣ ಸೊಳ್ಳೆಯ ಕಾಟವಿತ್ತು. ಜನ ಆರೋಗ್ಯ ನೋಡಿಕೊಂಡು ದನಗಳನ್ನು ಹೊರಗೆ ಹಾಕಿದ್ದು ಸರಿಯಾದ ಕೆಲಸವೇ. ಹೊರಗೆ ಹಾಕಿದ ಮೇಲೆ ಕಟ್ಟಿದ ಕೊಟ್ಟಿಗೆಗಳಲ್ಲಿ ಮಾತ್ರ ಕೊರತೆ ಉಳಿಯಿತು. ಮನೆಗೆ ತಾರಸಿ ಬಂತು, ಕೊಟ್ಟಿಗೆ ಹಿತ್ತಲಿನ ತುದಿಗೋ ತೋಟಕ್ಕೋ ಹೋಯಿತು. ನಾಲ್ಕು ಕಂಬ, ಮೇಲೆ ತಗಡು, ಸೊಂಟದೆತ್ತರದ ಗೋಡೆ, ಬಾಗಿಲಿನ ಜಾಗದಲ್ಲಿ ಒಂದು ಬಿದಿರು ತಟ್ಟಿ ಅಥವಾ ಅಡ್ಡಕ್ಕೆ ಎರಡು ಗಳ. ಗೋಡೆಗೂ ತಗಡಿಗೂ ನಡುವೆ ಆಳು ನುಸುಳುವಷ್ಟು ಸಂದು. ದೊಡ್ಡ ಹಸು ಎತ್ತುಗಳಿಗೆ ಇದರಿಂದ ಅಷ್ಟು ಭಯವಿಲ್ಲ; ಚಿರತೆ ಸಾಮಾನ್ಯವಾಗಿ ತನ್ನ ಶಕ್ತಿಗೆ ಹೊಂದುವ ಸಣ್ಣ ಪ್ರಾಣಿಯನ್ನೇ ಹುಡುಕುತ್ತದೆ. ಕರು, ಮೇಕೆ, ಕುರಿಗೆ ಇದು ತೆರೆದಿಟ್ಟ ಜಾಗವೇ. ಒಳಗೆ ನುಗ್ಗಿದ ಚಿರತೆಯಿಂದ ಕುರಿಗಳು ತಪ್ಪಿಸಿಕೊಂಡು ಹೋಗಲು ದಾರಿಯಿಲ್ಲದೆ ಗಾಬರಿಬಿದ್ದು ಒದ್ದಾಡುತ್ತವೆ, ಅದು ಸಿಕ್ಕಸಿಕ್ಕದ್ದಕ್ಕೆಲ್ಲ ಬಾಯಿ ಹಾಕುತ್ತದೆ. ತಿನ್ನುವುದು ಒಂದನ್ನಾದರೂ ಸಾಯುವುದು ಹತ್ತಾರು. ಒಂದು ರಾತ್ರಿಯಲ್ಲಿ ಇಡೀ ರೊಪ್ಪ ಬರಿದಾದ ಕುಟುಂಬಕ್ಕೆ ಚಿರತೆಯ ಮೇಲೆ ಸಿಟ್ಟು ಬಂದರೆ ತಪ್ಪೇನಿಲ್ಲ.

ಈ ಸಮಸ್ಯೆಗೆ ಪರಿಹಾರ ಹುಡುಕಲು ಹೊಸ ಸಂಶೋಧನೆ ಬೇಕಿಲ್ಲ. ದೇಶದ ಇನ್ನೊಂದು ತುದಿಯಲ್ಲಿ ಮಾಡಿ ತೋರಿಸಿದ್ದಾರೆ. ಲಡಾಖ್‌ನ ಹೆಮಿಸ್ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಹಳ್ಳಿಗಳಲ್ಲಿ ಹಿಮಚಿರತೆಯದು ಇದೇ ಕತೆ. ಕಲ್ಲಿನ ದೊಡ್ಡಿಗೆ ಮೇಲೆ ಸೂರಿರುತ್ತಿರಲಿಲ್ಲ, ಅಥವಾ ಸೂರಿನಲ್ಲಿ ದೊಡ್ಡ ಕಿಂಡಿ ಇರುತ್ತಿತ್ತು. ಅಲ್ಲಿಂದ ಇಳಿದ ಹಿಮಚಿರತೆ ಒಂದೇ ರಾತ್ರಿಯಲ್ಲಿ ಕುರಿ ಮೇಕೆಗಳನ್ನು ರಾಶಿ ಹಾಕುತ್ತಿತ್ತು. ಬೆಳಿಗ್ಗೆ ಊರವರು ಅದನ್ನು ದೊಡ್ಡಿಯಲ್ಲೇ ಕೊಲ್ಲುತ್ತಿದ್ದರು. 2000ರ ದಶಕದ ಆರಂಭದಲ್ಲಿ ಸ್ನೋ ಲೆಪರ್ಡ್ ಕನ್ಸರ್ವೆನ್ಸಿಯವರು ಮತ್ತು ಊರವರು ಸೇರಿ ಮಾಡಿದ ಕೆಲಸದಲ್ಲಿ ಯಾವ ದೊಡ್ಡ ತಂತ್ರಜ್ಞಾನವೂ ಇರಲಿಲ್ಲ. ದೊಡ್ಡಿಯ ಮೇಲೆ ತೊಲೆ ಹಾಕಿ ತಂತಿ ಬಲೆ ಬಿಗಿದರು, ಸಂದಿಲ್ಲದಂತೆ ಕೂರುವ ಮರದ ಬಾಗಿಲು ಇಟ್ಟರು, ಕಿಟಕಿಗಳಿಗೆ ಜಾಲರಿ ಹಾಕಿದರು. ಬಲೆ, ಬಾಗಿಲಿನ ಖರ್ಚು ಹೊರಗಿನಿಂದ. ಕಲ್ಲು, ಮಣ್ಣು, ದುಡಿಮೆ ಊರವರದು. ಹೀಗೆ ಭದ್ರಪಡಿಸಿದ ದೊಡ್ಡಿಗಳಲ್ಲಿ ರಾತ್ರಿಯ ಸಾಮೂಹಿಕ ಸಾವು ನಿಂತಿತು. ರುಂಬಾಕ್ ಕಣಿವೆಯ ಮನೆಗಳು ಈಗ ಹಿಮಚಿರತೆಯನ್ನು ಒಮ್ಮೆ ನೋಡಲೆಂದು ಬರುವ ಪ್ರವಾಸಿಗರಿಗೆ ಕೋಣೆ ಕೊಟ್ಟು ಸಂಪಾದಿಸುತ್ತವೆ. ಕೊಲ್ಲಲು ಕೈ ಎತ್ತುತ್ತಿದ್ದ ಜನರ ಮನಸ್ಸು ಬದಲಾದದ್ದು ಭಾಷಣದಿಂದಲ್ಲ. ನಷ್ಟ ನಿಂತ ಮೇಲೆ ದ್ವೇಷಕ್ಕೆ ಕಾರಣ ಉಳಿಯಲಿಲ್ಲ. ನಂತರ ಸಂಪಾದನೆಯೂ ಬಂತು. ಈ ಅನುಕ್ರಮವನ್ನು ನಮ್ಮ ಅರಣ್ಯ ಇಲಾಖೆಯ ಜಾಗೃತಿ ಕಾರ್ಯಕ್ರಮಗಳು ಗಮನಿಸಬೇಕು. ಸಹಬಾಳ್ವೆಯ ಬೋಧನೆ ಮೊದಲು ಬಂದು ಬಾಗಿಲು ಕೊನೆಗೂ ಬರದಿದ್ದರೆ ಯಾರೂ ಕಿವಿಗೊಡುವುದಿಲ್ಲ.

ಜಾನುವಾರಿನ ಮಾತು ಹಾಗಿರಲಿ, ಮನುಷ್ಯರ ಜೀವದ ಪ್ರಶ್ನೆ ಇನ್ನೂ ದೊಡ್ಡದು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿವರೆಗೆ ಟಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಆ ಮನೆಗಳ ದುಃಖಕ್ಕೆ ಯಾವ ಲೆಕ್ಕವೂ ಸಮಾಧಾನ ಹೇಳಲಾರದು. ಆದರೆ ಇಂಥ ದುರಂತಗಳ ವಿವರಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದೇ ಬಗೆಯ ಸನ್ನಿವೇಶ ಮತ್ತೆ ಮತ್ತೆ ಕಾಣುತ್ತದೆ: ಕತ್ತಲಾಗುವ ಹೊತ್ತು, ಮನೆಯ ಹಿತ್ತಲು ಅಥವಾ ಊರಂಚಿನ ದಾರಿ, ಒಂಟಿಯಾಗಿ ಹೋದ ಮಹಿಳೆ ಅಥವಾ ಮಗು, ಪಕ್ಕದಲ್ಲೇ ಆಳೆತ್ತರದ ಪೊದೆ ಅಥವಾ ಕಬ್ಬು. ಬಯಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತವರು, ಸೌದೆಗೆ ಬಗ್ಗಿದವರು ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುವ ಅಪಾಯವಿದೆ ಎಂದು ತಜ್ಞರು ಹೇಳುತ್ತಲೇ ಬಂದಿದ್ದಾರೆ. ಗ್ರಾಮೀಣ ಭಾರತ ಬಯಲು ಶೌಚಮುಕ್ತವಾಯಿತೆಂದು 2019ರ ಅಕ್ಟೋಬರ್ 2ರಂದು ಘೋಷಿಸಲಾಯಿತು. ಆದರೆ ಶೌಚಾಲಯದ ಗೋಡೆ ಎದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಮನೆಯಿಂದ ದೂರ, ಹಿತ್ತಲಿನ ಮೂಲೆಯಲ್ಲಿ, ನೀರಿಲ್ಲದೆ, ದೀಪವಿಲ್ಲದೆ, ಬಾಗಿಲಿನ ಚಿಲಕ ಮುರಿದು ನಿಂತಿರುವ ಶೌಚಾಲಯವನ್ನು ರಾತ್ರಿ ಯಾರೂ ಬಳಸುವುದಿಲ್ಲ. ಸೌದೆ, ಕಟ್ಟಿಗೆ ಒಟ್ಟುವ ಜಾಗ ಮನೆಗೆ ಅಂಟಿಕೊಂಡಿದ್ದರೆ, ಬಚ್ಚಲು ಮನೆಗೆ ಹೋಗುವ ನಾಲ್ಕು ಹೆಜ್ಜೆಯ ದಾರಿಗೆ ಒಂದು ಬಲ್ಬು ಇದ್ದರೆ, ಹಿತ್ತಲ ಸುತ್ತ ಒಂದಷ್ಟು ಮಾರು ದೂರ ಲಂಟಾನ ಸವರಿದ್ದರೆ ಅಪಾಯ ಎಷ್ಟೋ ತಗ್ಗುತ್ತದೆ. ಯಾವ ಊರಲ್ಲಿ ಹೆಂಗಸರು ಕತ್ತಲಾದ ಮೇಲೆ ಕಾಲಿಡಲು ಹೆದರುವ ಹಿತ್ತಲಿದೆಯೋ ಆ ಊರಿಗೆ ಬೋನಿಗಿಂತ ಮೊದಲು ಬೆಳಕು ಬರಬೇಕು.

ಮನೆ ಎಂದರೆ ಗೋಡೆ ಸೂರುಗಳಷ್ಟೇ ಅಲ್ಲ, ಅದಕ್ಕೆ ಸೇರಿದ ಬಾವಿ ತಿಪ್ಪೆಗಳೂ ಹೌದು. ಕೊಳವೆಬಾವಿ ಬಂದ ಮೇಲೆ ತೋಟದ ತೆರೆದ ಬಾವಿಗಳನ್ನು ಕೇಳುವವರಿಲ್ಲ. ಕಟ್ಟೆ ಕುಸಿದು, ಸುತ್ತ ಹುಲ್ಲು ಬೆಳೆದು, ನೆಲಮಟ್ಟಕ್ಕೇ ಬಾಯಿ ತೆರೆದುಕೊಂಡಿರುತ್ತವೆ. ರಾತ್ರಿ ನಾಯಿಯ ಬೆನ್ನಟ್ಟಿ ಬಂದ ಚಿರತೆಯೂ ಬೀಳುತ್ತದೆ, ಹಗಲು ಆಡುತ್ತಾ ಬಂದ ಮಗುವೂ ಬೀಳಬಹುದು. ಗುಜರಾತಿನ ಗಿರ್ ಸುತ್ತಮುತ್ತ ಸಿಂಹಗಳು ಹೀಗೆ ಬಾವಿಗೆ ಬಿದ್ದು ಸಾಯುತ್ತಿದ್ದಾಗ ಸರ್ಕಾರ ರೈತರ ಬಾವಿಗಳಿಗೆ ಕಟ್ಟೆ ಕಟ್ಟಿಸುವ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೊಂಡಿತು. ರೈತರ ಖಾಸಗಿ ಬಾವಿಗೆ ಸರ್ಕಾರದ ಹಣವೇಕೆ ಎಂಬ ಪ್ರಶ್ನೆ ಅಲ್ಲಿ ಅಡ್ಡಬರಲಿಲ್ಲ, ನಮ್ಮಲ್ಲೂ ಬರಬೇಕಿಲ್ಲ. ಕಸದ ವಿಷಯವೂ ಹೀಗೆಯೇ. ಊರ ಹೊರಗಿನ ರಸ್ತೆಬದಿಯಲ್ಲಿ ಕೋಳಿ ಅಂಗಡಿಯ ತ್ಯಾಜ್ಯ, ಮದುವೆ ಊಟದ ಎಲೆಗಳನ್ನು ಸುರಿದರೆ ನಾಯಿಗಳು ಸೇರುತ್ತವೆ. ನಾಯಿಗಳು ಸೇರಿದ ಕಡೆ ಚಿರತೆ ಬರುವುದು ಖಂಡಿತ. ರಾಜ್ಯದ ಬಹಳಷ್ಟು ಗ್ರಾಮ ಪಂಚಾಯಿತಿಗಳಲ್ಲಿ ಕಸ ವಿಂಗಡಣೆಗೆಂದು ‘ಸ್ವಚ್ಛ ಸಂಕೀರ್ಣ’ ಘಟಕಗಳನ್ನು ಕಟ್ಟಿದ್ದಾರೆ. ಅವು ಒಣ ಕಸಕ್ಕೆ ಸೀಮಿತವಾಗಿ, ಮಾಂಸದ ತ್ಯಾಜ್ಯ ಹಳ್ಳದ ದಂಡೆಗೇ ಹೋಗುತ್ತಿದ್ದರೆ ಚಿರತೆಯನ್ನು ಊರಿಗೆ ಕರೆದವರು ನಾವೇ.

ಇಷ್ಟೆಲ್ಲ ತಾಪತ್ರಯ ಏಕೆ, ಚಿರತೆಯನ್ನೇ ಹಿಡಿದು ದೂರದ ಕಾಡಿಗೆ ಬಿಟ್ಟರಾಯಿತಲ್ಲ ಎಂಬುದು ಬಹುಜನರ ವಾದ. ಇದನ್ನು ತಳ್ಳಿಹಾಕುವ ಮೊದಲು ಪರೀಕ್ಷೆ ಮಾಡಿ ನೋಡಬೇಕು. ಪರೀಕ್ಷೆ ಈಗಾಗಲೇ ಆಗಿದೆ. ಪುಣೆ ಜಿಲ್ಲೆಯ ಜುನ್ನರ್ ಅರಣ್ಯ ವಿಭಾಗದಲ್ಲಿ 1993ರಿಂದ 2001ರವರೆಗೆ ವರ್ಷಕ್ಕೆ ಸರಾಸರಿ 4 ಬಾರಿ ಚಿರತೆಗಳು ಮನುಷ್ಯರ ಮೇಲೆ ಎರಗಿದ್ದವು. 2001ರಿಂದ 2003ರವರೆಗೆ ದೊಡ್ಡ ಪ್ರಮಾಣದಲ್ಲಿ ಚಿರತೆಗಳನ್ನು ಹಿಡಿದು ಬೇರೆಡೆ ಬಿಡುವ ಕಾರ್ಯಾಚರಣೆ ನಡೆಯಿತು. ಆಗ ದಾಳಿಗಳ ಸರಾಸರಿ ಇಳಿಯುವ ಬದಲು 17ಕ್ಕೇರಿತು. ದಾಳಿಗೊಳಗಾದವರಲ್ಲಿ ಸತ್ತವರ ಪ್ರಮಾಣವೂ ಹೆಚ್ಚಿತು. ಕಾರಣ ಊಹಿಸುವುದು ಕಷ್ಟವಲ್ಲ. ಪ್ರತಿ ಚಿರತೆಗೂ ತನ್ನದೇ ಎಲ್ಲೆ ಇರುತ್ತದೆ. ಒಂದನ್ನು ತೆಗೆದರೆ ಆ ಖಾಲಿ ಜಾಗಕ್ಕೆ ಇನ್ನೊಂದು ಬರುತ್ತದೆ, ಅದೂ ಸಾಮಾನ್ಯವಾಗಿ ಊರಿನ ರೀತಿನೀತಿ ತಿಳಿಯದ ಪ್ರಾಯದ ಚಿರತೆ. ಹಿಡಿದು ಬಿಟ್ಟದ್ದೋ, ಬೋನಿನ ಗಾಬರಿ ಗಾಯಗಳೊಂದಿಗೆ ಗುರುತು ಪರಿಚಯವಿಲ್ಲದ ಊರಂಚಿನಲ್ಲಿ ಅಲೆಯುತ್ತದೆ. 2009ರಲ್ಲಿ ಅಹಮದ್‌ನಗರದ ಹಳ್ಳಿಯೊಂದರ ಬಾವಿಯಿಂದ ಎತ್ತಿ, ಕತ್ತಿಗೆ ಕಾಲರ್ ಕಟ್ಟಿ ಮಾಳಶೇಜ್ ಘಾಟಿಯಲ್ಲಿ ಬಿಟ್ಟ ‘ಆಜೋಬಾ’ ಎಂಬ ಚಿರತೆ ಅಲ್ಲಿ ನಿಲ್ಲಲೇ ಇಲ್ಲ. ಹೆದ್ದಾರಿ, ರೈಲುಹಳಿ, ಊರುಗಳನ್ನೆಲ್ಲ ದಾಟಿ ಸುಮಾರು 120 ಕಿಲೊಮೀಟರ್ ನಡೆದು ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ತಲುಪಿತು. ನಾವು ಗೆರೆ ಎಳೆದು ಇದು ನಿನ್ನ ಕಾಡು ಎಂದ ಮಾತ್ರಕ್ಕೆ ಅದು ಕೇಳುವುದಿಲ್ಲ. ಈ ಅನುಭವದಿಂದಲೇ 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿ, ಸುಮ್ಮನೆ ಕಂಡಿತೆಂಬ ಕಾರಣಕ್ಕೆ ಚಿರತೆಯನ್ನು ಹಿಡಿಯುವುದನ್ನು ನಿರುತ್ಸಾಹಗೊಳಿಸಿತು. ಮನುಷ್ಯರ ಮೇಲೆ ಮತ್ತೆ ಮತ್ತೆ ಎರಗುವ ಚಿರತೆಯ ಮಾತು ಬೇರೆ. ಅದನ್ನು ಗುರುತಿಸಿ ತೆಗೆಯಲೇಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ, ಆಗ ಹಿಂದೆಮುಂದೆ ನೋಡಬಾರದು. ಕಂಡ ಚಿರತೆಗೆಲ್ಲ ಬೋನು ಇಡುತ್ತಾ ಹೋದರೆ ನಿಜವಾಗಿ ಅಪಾಯಕಾರಿಯಾದದ್ದನ್ನು ಹುಡುಕುವ ಸಿಬ್ಬಂದಿಯ ಸಮಯ, ಶಕ್ತಿ ವ್ಯರ್ಥವಾಗುತ್ತದೆ.

ಇದಕ್ಕಿಂತ ನ್ಯಾಯವಾದ ಇನ್ನೊಂದು ಆಕ್ಷೇಪವಿದೆ. ಬಾಗಿಲು ಹಾಕಿಕೊಳ್ಳಿ, ದೀಪ ಹಾಕಿಕೊಳ್ಳಿ, ಪೊದೆ ಸವರಿಕೊಳ್ಳಿ ಎಂದು ಹೇಳುವುದು ಕಷ್ಟಕ್ಕೆ ಸಿಕ್ಕವರ ಮೇಲೆಯೇ ತಪ್ಪು ಹೊರಿಸಿದಂತಲ್ಲವೇ? ಎರಡು ಮೇಕೆ ಸಾಕಿ ಮಗಳ ಶಾಲೆಯ ಖರ್ಚು ನೋಡಿಕೊಳ್ಳುವ ಒಂಟಿ ಹೆಂಗಸು ಕಬ್ಬಿಣದ ಬಾಗಿಲಿಗೆ ಎಲ್ಲಿಂದ ಹಣ ತರಬೇಕು? ಈ ಮಾತು ನಿಜ, ಮತ್ತು ಅದಕ್ಕಾಗಿಯೇ ಈ ರಿಪೇರಿ ಸರ್ಕಾರದ ಹೊಣೆಯಾಗಬೇಕು. ಉದ್ಯೋಗ ಖಾತರಿ ಯೋಜನೆಯಲ್ಲಿ ದನದ ಕೊಟ್ಟಿಗೆ, ಕುರಿ ಮೇಕೆ ಶೆಡ್ಡು ಕಟ್ಟಿಕೊಳ್ಳಲು ವರ್ಷಗಳಿಂದ ಅನುದಾನ ಸಿಕ್ಕಿದೆ, ಸಾವಿರಾರು ಕೊಟ್ಟಿಗೆಗಳು ಎದ್ದಿವೆ. ಆದರೆ ಚಿರತೆ ಓಡಾಡುವ ತಾಲ್ಲೂಕಿಗೂ ಓಡಾಡದ ತಾಲ್ಲೂಕಿಗೂ ನಕ್ಷೆ ಒಂದೇ: ಗಾಳಿಯಾಡಲು ಬಿಟ್ಟ ಅರ್ಧ ಗೋಡೆ, ಉಳಿದದ್ದು ಬಟಾಬಯಲು. ಆ ಬಯಲು ಜಾಗಕ್ಕೆ ಬೆಸುಗೆ ಹಾಕಿದ ಗಟ್ಟಿ ತಂತಿಜಾಲರಿ, ಒಂದು ಬಾಗಿಲು, ಎರಡು ಚಿಲಕ ಸೇರಿಸಿದರೆ ಗಾಳಿಯೂ ಆಡುತ್ತದೆ, ಚಿರತೆಯೂ ನುಗ್ಗುವುದಿಲ್ಲ. ಇದಕ್ಕೆ ಬೇಕಿರುವುದು ಅಂದಾಜು ಪಟ್ಟಿಯಲ್ಲಿ ಇನ್ನೊಂದು ಸಾಲು. ಅರಣ್ಯ, ಪಶುಸಂಗೋಪನೆ, ಗ್ರಾಮೀಣಾಭಿವೃದ್ಧಿ ಈ ಮೂರು ಇಲಾಖೆಗಳು ಒಂದು ದಿನ ಒಟ್ಟಿಗೆ ಕೂತರೆ ಮುಗಿಯುವ ಕೆಲಸ. ಇದರ ಜೊತೆಗೆ ಒಂದು ಎಚ್ಚರ ಬೇಕು: ಬಾಗಿಲಿಲ್ಲದ ಕೊಟ್ಟಿಗೆಯಲ್ಲಿ ಮೇಕೆ ಸತ್ತರೆ ಪರಿಹಾರವಿಲ್ಲ ಎಂಬ ನಿಯಮ ಎಂದೂ ಬರಬಾರದು. ಪರಿಹಾರ ತಕ್ಷಣ ಸಿಗಬೇಕು, ಅದರ ಬೆನ್ನಿಗೇ ಅದೇ ಮನೆಗೆ ಬಾಗಿಲೂ ಸಿಗಬೇಕು. ಇವತ್ತು ಮೊದಲನೆಯದು ತಿಂಗಳುಗಟ್ಟಲೆ ಎಳೆಯುತ್ತದೆ, ಎರಡನೆಯದರ ಪ್ರಸ್ತಾಪವೇ ಇಲ್ಲ. ಹೀಗಾಗಿ ಅದೇ ಕೊಟ್ಟಿಗೆಗೆ ಅದೇ ಚಿರತೆ ಮತ್ತೆ ಬರುತ್ತದೆ.

ಮನೆಯ ಸುತ್ತ ಚೊಕ್ಕಟ ಮಾಡಿ ಎಂದರೆ ಕಂಡ ಹಸಿರನ್ನೆಲ್ಲ ಸವರಿಹಾಕುವ ಉತ್ಸಾಹ ಬಂದೀತೆಂದು ಪರಿಸರ ಪ್ರಿಯರು ಆತಂಕಪಟ್ಟರೆ ಅದೂ ಸಕಾರಣವೇ. ತುಮಕೂರು ಜಿಲ್ಲೆಯ ನಾಗವಲ್ಲಿಯ ಸುತ್ತಮುತ್ತ ಕಾಡುಪಾಪಗಳು ಉಳಿದಿರುವುದು ಹೊಲದಂಚಿನ ಬೇಲಿಸಾಲು, ಹುಣಸೆ, ಹೊಂಗೆ ಮರಗಳಿಂದ. ಗೇಣುದ್ದದ ಈ ನಿಶಾಚರಿ ನೆಲಕ್ಕೆ ಇಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ಸಾಗುತ್ತಾ ಹುಳುಹುಪ್ಪಟೆ ತಿಂದು ಬದುಕುತ್ತದೆ. ಬೇಲಿ ಕಡಿದು ತಂತಿ ಎಳೆದರೆ ಅದರ ದಾರಿಯೇ ತುಂಡಾಗುತ್ತದೆ. ಗೆದ್ದಲು, ಇರುವೆ ತಿನ್ನುವ ಚಿಪ್ಪುಹಂದಿಗೂ ಹೊಲದ ಬದುವಿನ ಹುತ್ತಗಳೇ ಆಧಾರ. ಮಲೆನಾಡಿನ ಹೆಂಚಿನ ಮನೆಗಳ ಅಟ್ಟದಲ್ಲಿ ಮರಿ ಹಾಕುವ ಪುನುಗು ಬೆಕ್ಕು ಹಣ್ಣು ತಿಂದು ಬೀಜ ಹರಡುತ್ತದೆ, ಇಲಿ ಹಿಡಿಯುತ್ತದೆ. ಇವು ಯಾವುವೂ ಮನುಷ್ಯರಿಗೆ ಕೇಡು ಮಾಡುವ ಪ್ರಾಣಿಗಳಲ್ಲ. ಹಾಗಾಗಿ ಮನೆಯ ನಿಗಾ ಎಂದರೆ ಎಲ್ಲಿ ಸವರಬೇಕು, ಎಲ್ಲಿ ಬಿಡಬೇಕು ಎಂಬ ತಿಳಿವಳಿಕೆಯೂ ಸೇರಿದ ಕೆಲಸ. ಹಿತ್ತಲು, ಕೊಟ್ಟಿಗೆ, ಶೌಚಾಲಯ, ಮಕ್ಕಳು ಶಾಲೆಗೆ ನಡೆಯುವ ದಾರಿ ಇವುಗಳ ಅಕ್ಕಪಕ್ಕದ ನೆಲಮಟ್ಟದ ಪೊದೆ, ಲಂಟಾನ ಹೋಗಬೇಕು. ಹೊಲದ ಬೇಲಿ, ಬದುವಿನ ಮರ, ಹುತ್ತ ಉಳಿಯಬೇಕು. ಅಟ್ಟಕ್ಕೆ ಬೆಕ್ಕು ಬರುವುದು ಬೇಡವೆಂದರೆ ಅದು ಮರಿಗಳೊಂದಿಗೆ ಹೊರಟುಹೋದ ಮೇಲೆ ಒಡೆದ ಹೆಂಚು ಬದಲಿಸಿ, ಸೂರಿನಂಚಿನ ಸಂದಿಗೆ ಜಾಲರಿ ಹೊಡೆದರೆ ಸಾಕು. ವಿಷ ಇಡುವ, ಉರುಳು ಹಾಕುವ ಅಗತ್ಯವಿಲ್ಲ. ರಾತ್ರಿಯಿಡೀ ತೋಟವನ್ನೆಲ್ಲ ಬೆಳಗುವ ಪ್ರಖರ ದೀಪಗಳೂ ಬೇಡ. ಕಾಲಿಡುವ ಜಾಗಕ್ಕೆ ಬೆಳಕು ಬಿದ್ದರಾಯಿತು.

ಬಾಗಿಲು ಎಲ್ಲಕ್ಕೂ ಮದ್ದಲ್ಲ ಎಂಬುದನ್ನೂ ಒಪ್ಪಬೇಕು. ಕೊಡಗು, ಹಾಸನದ ಆನೆಗಳ ಮುಂದೆ ಕೊಟ್ಟಿಗೆಯ ಜಾಲರಿ ನಿಲ್ಲುವುದಿಲ್ಲ. ಬಂಡೀಪುರ, ನಾಗರಹೊಳೆಯ ಅಂಚಿನಲ್ಲಿ ಹಗಲು ಮೇಯುವ ದನವನ್ನು ಹುಲಿ ಹಿಡಿದರೆ ಅದು ಬೇರೆಯೇ ಸಮಸ್ಯೆ. ಊರೂರು ಅಲೆಯುತ್ತಾ ಬಯಲಲ್ಲಿ ಮಂದೆ ತಂಗಿಸುವ ಕುರಿಗಾಹಿಗಳಿಗೆ ಕಟ್ಟಡದ ಬಾಗಿಲು ಉಪಯೋಗಕ್ಕಿಲ್ಲ. ಅವರಿಗೆ ಹೊತ್ತೊಯ್ಯಬಹುದಾದ ಗಟ್ಟಿ ಬಲೆ, ಟಾರ್ಚು, ಕುರಿ ಸತ್ತರೆ ಯಾವ ತಾಲ್ಲೂಕಿನಲ್ಲಿದ್ದರೂ ಸಿಗುವ ಪರಿಹಾರ ಬೇಕು. ಚಿರತೆಯ ವಿಷಯದಲ್ಲೂ ಕೊಟ್ಟಿಗೆಗಳೆಲ್ಲ ಮುಚ್ಚಿದರೆ ಅದು ಹಸಿದು ಮನುಷ್ಯರ ಮೇಲೆ ಬೀಳುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅಕೋಲೆಯ ಆಡುಗಳು ರಾತ್ರಿ ಒಳಗೇ ಇದ್ದವು, ಚಿರತೆಗಳ ಸಂಖ್ಯೆ ಕಡಿಮೆಯೇನೂ ಇರಲಿಲ್ಲ, ಆದರೂ ಅವು ಮನುಷ್ಯರತ್ತ ತಿರುಗಲಿಲ್ಲ. ಮೊಲ, ಹಂದಿ, ಇಲಿ ಹೆಗ್ಗಣದವರೆಗೆ ಸಿಕ್ಕಿದ್ದನ್ನು ತಿಂದು ಬದುಕುವ ಪ್ರಾಣಿ ಅದು. ಆಹಾರ ಕಡಿಮೆಯಾದ ಕಡೆ ಅದರ ಸಂಖ್ಯೆ ತಾನಾಗಿ ತಗ್ಗುತ್ತದೆ. ಬೋನು ಎಂದೂ ಸಾಧಿಸದ ಫಲಿತಾಂಶ ಇದು.

ಇನ್ನು ಪ್ರಾಣಿ ಕಂಡ ಹೊತ್ತಿನಲ್ಲಿ ನಾವು ನಡೆದುಕೊಳ್ಳುವ ರೀತಿ. 2021ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಕಡಬ ತಾಲ್ಲೂಕಿನ ಬಿಳಿನೆಲೆಯಲ್ಲಿ ನಾಯಿಯನ್ನು ಅಟ್ಟಿಸಿಕೊಂಡು ಬಂದ ಚಿರತೆ ನಾಯಿಯ ಜೊತೆಗೇ ಮನೆಯೊಂದರ ಶೌಚಾಲಯಕ್ಕೆ ನುಗ್ಗಿತು. ಅದನ್ನು ಕಂಡ ಮನೆಯ ಮಹಿಳೆ ಕೂಗಾಡದೆ ಹೊರಗಿನಿಂದ ಚಿಲಕ ಹಾಕಿದರು. ಗಂಟೆಗಟ್ಟಲೆ ಚಿರತೆ ಒಂದು ಮೂಲೆಯಲ್ಲಿ, ನಾಯಿ ಇನ್ನೊಂದು ಮೂಲೆಯಲ್ಲಿ ಕುಳಿತಿದ್ದ ಚಿತ್ರವನ್ನು ನಾಡೆಲ್ಲ ನೋಡಿತು. ಕೊನೆಗೆ ಚಿರತೆ ತಪ್ಪಿಸಿಕೊಂಡು ಓಡಿತು, ನಾಯಿ ಬದುಕಿ ಹೊರಬಂತು, ಮನೆಯವರಿಗೆ ಏನೂ ಆಗಲಿಲ್ಲ. ಸಿಕ್ಕಿಬಿದ್ದ ಚಿರತೆಗೆ ಬೇಕಿದ್ದುದು ಬೇಟೆಯಲ್ಲ, ಹೊರಗೆ ಹೋಗುವ ದಾರಿ. ನೂರಾರು ಜನ ಸುತ್ತುವರಿದು, ಕಲ್ಲು ತೂರಿ, ಮೊಬೈಲ್ ಹಿಡಿದು ಹತ್ತಿರ ಹೋದ ಕಡೆಗಳಲ್ಲೇ ಜನರಿಗೆ ಗಾಯಗಳಾಗಿರುವುದು ಹೆಚ್ಚು. ಕಬ್ಬು ಕಡಿಯುವಾಗ ಮರಿಗಳು ಸಿಕ್ಕರೆ ಕೂಡ ಅದೇ ವಿವೇಕ ಬೇಕು. ಎತ್ತಿಕೊಂಡು ಫೋಟೊ ತೆಗೆಸಿಕೊಳ್ಳದೆ, ಆ ಭಾಗದ ಕಟಾವು ನಿಲ್ಲಿಸಿ ಇಲಾಖೆಗೆ ತಿಳಿಸಿದರೆ ಸಾಮಾನ್ಯವಾಗಿ ತಾಯಿ ರಾತ್ರಿ ಬಂದು ಮರಿಗಳನ್ನು ಒಯ್ಯುತ್ತದೆ. ಕಂಡ ಪ್ರಾಣಿಯ ವಿಡಿಯೊ ಊರ ಗುಂಪಿಗೆ ಹೋಗುವ ಮೊದಲು ಎಲ್ಲಿ, ಯಾವ ಹೊತ್ತು, ಯಾವ ಕಡೆಗೆ ಹೋಯಿತು ಎಂಬ ಮಾಹಿತಿ ಅರಣ್ಯ ಗಸ್ತು ಪಾಲಕರಿಗೆ ಮತ್ತು ಪಂಚಾಯಿತಿಗೆ ತಲುಪಬೇಕು. ಅಂಥ ನಾಲ್ಕಾರು ಮಾಹಿತಿ ಒಂದೇ ಬೀದಿಯಿಂದ ಬಂದರೆ ಆ ಬೀದಿಯ ಕೊಟ್ಟಿಗೆ, ದೀಪ, ತಿಪ್ಪೆಗಳ ಕಡೆ ಯಾರಾದರೂ ಹೋಗಿ ನೋಡಬೇಕು. ಆಗ ಒಂದು ವಿಡಿಯೊದಿಂದ ಊರಿಗೆ ನಿಜವಾದ ಪ್ರಯೋಜನವಾಗುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯ ಪ್ರಸ್ತಾಪವಾಗಲಿ. ಊರಲ್ಲಿ ರಾತ್ರಿ ಮುಚ್ಚಲಾಗದ ಕೊಟ್ಟಿಗೆಗಳೆಷ್ಟು, ದೀಪ ನೀರಿಲ್ಲದ ಶೌಚಾಲಯಗಳೆಷ್ಟು, ಕಟ್ಟೆಯಿಲ್ಲದ ಬಾವಿಗಳೆಷ್ಟು, ಮಾಂಸದ ತ್ಯಾಜ್ಯ ಬೀಳುವ ಜಾಗಗಳೆಷ್ಟು ಎಂದು ಪಟ್ಟಿ ಮಾಡಿ, ಕಡುಬಡವರ ಮತ್ತು ಒಂಟಿ ಮಹಿಳೆಯರ ಮನೆಗಳಿಂದ ರಿಪೇರಿ ಶುರುವಾಗಲಿ. ಚಿರತೆ ಹೆಚ್ಚು ಕಾಣುವ ತಾಲ್ಲೂಕುಗಳಿಗೆ ಸರ್ಕಾರ ಇದಕ್ಕೆಂದೇ ಪ್ರತ್ಯೇಕ ಹಣ ಇಡಲಿ, ಕೊಟ್ಟಿಗೆ ಅನುದಾನದ ನಕ್ಷೆಯಲ್ಲಿ ಜಾಲರಿ ಮತ್ತು ಬಾಗಿಲನ್ನು ಕಡ್ಡಾಯ ಮಾಡಲಿ. ಊರಿನ ಹಿರಿಯರು, ಸ್ತ್ರೀಶಕ್ತಿ ಸಂಘದವರು, ಹಾಲು ಡೇರಿಯವರು ಬೋನಿಗಾಗಿ ಅರ್ಜಿ ಬರೆಯುವ ಅದೇ ಹಾಳೆಯಲ್ಲಿ ಬಾಗಿಲಿಗಾಗಿಯೂ ಬರೆಯಲಿ. ಎರಡರಲ್ಲಿ ಮೊದಲು ಯಾವುದು ಬೇಕೆಂದು ಕೇಳಿದರೆ ಬಾಗಿಲು ಬೇಕೆಂದು ಹೇಳಲಿ.